ತೂಗಿ ಕೊಡುವ ತಾಡಪತ್ರಿ ಅಂಗಡಿ

ಪುಣೆಯ ರವಿವಾರ ಪೇಠೆಯಲ್ಲಿ ಬೊಹ್ರಿ ಆಳಿ ಅಂತ ಒಂದು ಓಣಿ ಇದೆ. ಹಗ್ಗ, ಸರಪಳಿ, ಮೊಳೆ, ಬಕೆಟ್ಟು, ಪ್ಲಾಸ್ಟಿಕ್ ಹಾಳೆ ಎಲ್ಲ ಸಗಟಿನಲ್ಲಿ ಸಿಗುವ ಜಾಗ. ಎದುರಿನಿಂದ ಕೈಗಾಡಿ ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಅಲ್ಲಿನ ಒಂದು ತಾಡಪತ್ರಿ (ಟಾರ್ಪಾಲಿನ್) ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಅಂಗಡಿಯ ಶೇಟರು ಕೈಮುಗಿದು ಹೇಳಿದ್ದರಿಂದ ಹಾಕುತ್ತಿಲ್ಲ. ಬಾಗಿಲಲ್ಲೇ ನೆಲದ ಮೇಲೆ ತೂಕದ ಕಾಟಾ ಇಟ್ಟಿರುತ್ತಾರೆ, ಅದೇ ಗುರುತು. ನೆರೆ ಬಂದ ಊರಿಗೆ ಏನಾದರೂ ಕಳಿಸಬೇಕು ಎನ್ನುವ ಪುಣೆ, ಪಿಂಪ್ರಿ ಕಡೆಯ ನಮ್ಮ ಜನ ಮೊದಲು ಈ ಅಂಗಡಿಯ ಮೆಟ್ಟಿಲು ಹತ್ತಲಿ ಅಂತ ನನ್ನ ಆಸೆ.

ನಾನು ಬಾದಾಮಿ ತಾಲೂಕಿನವನು, ಊರು ಮಲಪ್ರಭೆಯ ದಂಡೆಯಲ್ಲಿದೆ. 1996ರಿಂದ ಪಿಂಪ್ರಿ-ಚಿಂಚವಡದಲ್ಲಿದ್ದೇನೆ. ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಬುಕಿಂಗ್ ಗುಮಾಸ್ತ. ಲಾರಿಯ ಮೇಲೆ ಹೊದಿಸುವ ತಾಡಪತ್ರಿ ದಿನಾ ಕಣ್ಣೆದುರಿಗೇ ಇರುತ್ತದೆ. ಅಷ್ಟಾದರೂ 2019ರಲ್ಲಿ ನೆರೆಯವರಿಗಾಗಿ ತಾಡಪತ್ರಿ ಕೊಳ್ಳುವಾಗ ತಪ್ಪು ಮಾಡಿದೆ. ಅದು ನನ್ನ ಒಡಹುಟ್ಟಿದ ಅಕ್ಕನ ತಲೆಯ ಮೇಲೇ ಹರಿದುಹೋಯಿತು. ಆ ಕಥೆ ಬಿಟ್ಟು ಈ ಅಂಗಡಿಯ ಗುಣ ಹೇಳಲು ನನಗೆ ಬರುವುದಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಏರಿದವು. ನಮ್ಮ ಕಡೆ ಮಲಪ್ರಭೆ ಅಂದರೆ ಬೇಸಿಗೆಯಲ್ಲಿ ಕಾಲಲ್ಲೇ ದಾಟುವ ಹೊಳೆ. ನವಿಲುತೀರ್ಥದ ಅಣೆಕಟ್ಟೆಯ ಬಾಗಿಲು ತೆಗೆದ ಮೇಲೆ ಅದೇ ಹೊಳೆ ಪಟ್ಟದಕಲ್ಲಿನ ಗುಡಿಗಳ ಒಳಗೆ ನಿಂತಿತು. ನಮ್ಮೂರ ಮನೆಗಳು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮ್ಯಾಳಗಿ ಮನೆಗಳು. ಅವು ಹೆಚ್ಚಾಗಿ ನೀರು ಇರುವಾಗ ಬೀಳುವುದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ನೆನೆದ ಗೋಡೆ ಸಡಿಲವಾದ ಮೇಲೆ ಕುಸಿಯುತ್ತವೆ. ಅಕ್ಕನ ಮನೆ ಬಿದ್ದದ್ದು ಹಾಗೇ, ನೀರು ಹೋದ ಮೂರನೇ ದಿನ. ಜೋಳದ ಚೀಲ ಹೊರಗೆ ತಂದು ಒಣಗಿಸುತ್ತಿದ್ದರಂತೆ, ಹಿಂದೆ ಸದ್ದಾಯಿತಂತೆ.

ಸರಕಾರ ತಕ್ಷಣದ ಖರ್ಚಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಿಸಿತು. ಆದರೆ ಪಟ್ಟಿ ಆಗಬೇಕು, ಫೋಟೋ ತೆಗೆಯಬೇಕು, ಕಂತು ಕಂತಾಗಿ ದುಡ್ಡು ಬರಬೇಕು. ನಡುವೆ ಲಾಕ್‌ಡೌನ್ ಬಂತು. ಅಕ್ಕನ ಹೊಸ ಮನೆಗೆ ಪಾಯ ತೋಡುವಾಗ ವರ್ಷ ದಾಟಿತ್ತು. ನೆರೆ ಅಂದಕೂಡಲೇ ನಮಗೆಲ್ಲ ದೋಣಿ, ಹಗ್ಗ, ಊಟದ ಪೊಟ್ಟಣ ನೆನಪಾಗುತ್ತವೆ. ಅವು ನಾಲ್ಕೈದು ದಿನದ ಮಾತು. ನೀರು ಇಳಿದ ದಿನದಿಂದ ಹೊಸ ಗೋಡೆ ಏಳುವವರೆಗಿನ ಉದ್ದ ಕಾಲ ಇದೆಯಲ್ಲ, ಅಷ್ಟೂ ಕಾಲ ಮನೆ ಅಂದರೆ ತಾಡಪತ್ರಿಯೇ.

ನಾವು ಆಗ ಮಾಡಿದ್ದು ಇಷ್ಟು. ನಿಗಡಿ, ಯಮುನಾನಗರ, ಭೋಸರಿಯ ನಮ್ಮ ಕಡೆಯ ಜನರ ಬಳಿ ದುಡ್ಡು ಕೂಡಿಸಿದೆವು. ಅವಸರದಲ್ಲಿ, ಬೇರೆ ಒಂದು ಅಂಗಡಿಯಲ್ಲಿ, 12×18 ಅಡಿಯ ನೀಲಿ ತಾಡಪತ್ರಿ 150 ಕೊಂಡೆವು. ಒಂದಕ್ಕೆ 400 ರೂಪಾಯಿ, ಒಟ್ಟು 60,000. ಮೇಲೆ ನಮ್ಮ ಬಳಗದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದೆವು. ಕೊಲ್ಲಾಪುರದ ಹತ್ತಿರ ಹೆದ್ದಾರಿ ನೀರಿನಲ್ಲಿ ಮುಳುಗಿ ಬಂದ್ ಆಗಿತ್ತು, ಲಾರಿಯನ್ನು ಸೊಲ್ಲಾಪುರ, ವಿಜಯಪುರದ ಮೇಲೆ ಸುತ್ತಿಸಿ ಕಳಿಸಿದೆವು. ಹಂಚುವ ಫೋಟೋ ಬಂದಾಗ ಎಲ್ಲರಿಗೂ ಕಣ್ಣು ತುಂಬಿತ್ತು.

ದೀಪಾವಳಿಗೆ ಊರಿಗೆ ಹೋದೆ. ಆಗಲೇ ಅರ್ಧಕ್ಕರ್ಧ ಹರಿದಿದ್ದವು. ಹಗ್ಗ ಪೋಣಿಸುವ ರಿಂಗುಗಳು ಗಾಳಿಗೆ ಕಿತ್ತು ಬಂದಿದ್ದವು. ಹಗ್ಗ ಕಳಿಸುವುದನ್ನೇ ನಾವು ಮರೆತಿದ್ದೆವು. ಜನ ಹಳೆ ಸೀರೆ ಹರಿದು, ಹೊಸೆದು ಕಟ್ಟಿದ್ದರು. ನನಗೆ ಇವತ್ತಿಗೂ ನೋಯುವುದು ಇದ್ಯಾವುದೂ ಅಲ್ಲ. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ದನಿ ಇಳಿಸಿ ಹೇಳಿದ್ದು.

“ತಮ್ಮಾ, ರಾತ್ರಿ ದೀಪಾ ಹಚ್ಚಿದರ ಒಳಗಿಂದೆಲ್ಲಾ ನೆರಳು ಹೊರಗ ಕಾಣತೈತಿ. ಸೊಸಿ ಸೀರಿ ಬದಲಿ ಮಾಡಬೇಕಂದ್ರ ದೀಪಾ ಆರಸೇ ಮಾಡತಾಳ. ಹಾವು ಹುಳ ಇರೂ ಜಾಗಾ ಐತಿ, ದೀಪಾ ಆರಸಿದರ ಅಂಜಿಕಿ. ನಿನಗ ಹ್ಯಾಂಗ ಹೇಳಲಿ ಅಂತ ಸುಮ್ಮನಿದ್ದೆ.”

ಹೊರಡುವಾಗ, ಹರಿದ ಹಾಳೆಯ ಮೇಲಿದ್ದ ನಮ್ಮ ಬಳಗದ ಹೆಸರಿನ ಕಡೆ ಒಮ್ಮೆ ನೋಡಿ, “ನಿಮ್ಮ ಹೆಸರಿನ ಕೆಳಗ ಮಲಗತೇವಿ” ಎಂದಳು. ಬೈಗುಳವಲ್ಲ ಅದು. ಇದ್ದದ್ದನ್ನು ಹೇಳಿದಳು. ಅವತ್ತಿನಿಂದ ನಾನು ಕೊಡುವ ಯಾವುದರ ಮೇಲೂ ಹೆಸರು ಹಾಕಿಸಿಲ್ಲ. ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ. ಮದುವೆಯ ಪಾತ್ರೆಯ ಮೇಲೆ ಹೆಸರು ಕೊರೆಯಿಸುವುದು ಬೇರೆ. ಒಂದು ಕುಟುಂಬ ವರ್ಷಗಟ್ಟಲೆ ಮಲಗಿ ಏಳುವ ಚಾವಣಿಯ ಮೇಲೆ ಕೊಟ್ಟವರ ಹೆಸರು ಬೇಡ.

ಹರಿದವುಗಳಲ್ಲಿ ಒಂದನ್ನು ಸುತ್ತಿ ಚೀಲದಲ್ಲಿ ಹಾಕಿಕೊಂಡು ಪುಣೆಗೆ ಬಂದೆ. ಕೊಟ್ಟ ಅಂಗಡಿಗೆ ಒಯ್ದರೆ ತಿರುಗಿಯೂ ನೋಡಲಿಲ್ಲ. ಹಾಗೇ ಅಲೆಯುತ್ತ ಬೊಹ್ರಿ ಆಳಿಗೆ ಬಂದದ್ದು, ಕಾಟಾ ಇರುವ ಈ ಅಂಗಡಿ ಕಂಡದ್ದು. ಶೇಟರಿಗೆ ನನ್ನ ಕೈಯಲ್ಲಿದ್ದದ್ದು ನೋಡಿಯೇ ಗೊತ್ತಾಗಿತ್ತು. ಮಾತಾಡದೆ ಅದನ್ನು ಕಾಟಾದ ಮೇಲೆ ಇಡಿಸಿದರು. 1 ಕೆಜಿ 800 ಗ್ರಾಂ. ಅಂಗಡಿಯಲ್ಲಿ ಕೆಲಸಕ್ಕಿದ್ದ ಇಂಡಿ ಕಡೆಯ ಹುಡುಗ ನನ್ನ ಮಾತಿನ ಧಾಟಿ ಕೇಳಿ ಕನ್ನಡಕ್ಕೆ ತಿರುಗಿದ.

“ಕಾಕಾ, ಎಲ್ಲಿ ತಗೊಂಡೀರಿ ಇದನ್ನ? ಬಾಳ ಜಾಳ ಅದರಿ. ಲೈಟಿಗೆ ಹಿಡೀರಿ, ನನ್ನ ಮಾರಿ ಕಾಣತದ.”

ಹಿಡಿದೆ. ಕಂಡಿತು.

ಆ ಮಧ್ಯಾಹ್ನ ಅಲ್ಲಿ ಕಲಿತದ್ದನ್ನು ಪೂರ್ತಿ ಬರೆಯುತ್ತೇನೆ. ಯಾವ ಅಂಗಡಿಯಲ್ಲಿ ಕೊಂಡರೂ ಇದು ಉಪಯೋಗಕ್ಕೆ ಬರುತ್ತದೆ. ತಾಡಪತ್ರಿಯ ದಪ್ಪವನ್ನು ವ್ಯಾಪಾರದಲ್ಲಿ ಜಿಎಸ್ಎಂ ಎನ್ನುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅಂತ. ಬಾಯಲ್ಲಿ ಹೇಳುವ ಜಿಎಸ್ಎಂಗೆ ಬೆಲೆಯಿಲ್ಲ, ಕಾಟಾಕ್ಕೆ ಹಾಕಿದರೆ ಮಾತ್ರ ನಿಜ ಗೊತ್ತಾಗುತ್ತದೆ. 12×18 ಅಡಿ ಅಂದರೆ ಸುಮಾರು 20 ಚದರ ಮೀಟರ್. 200 ಜಿಎಸ್ಎಂ ಆಗಿದ್ದರೆ 4 ಕೆಜಿ ತೂಗಬೇಕು. ನಮಗೆ 150 ಎಂದು ಹೇಳಿ ಕೊಟ್ಟಿದ್ದರು, ಅದಾದರೂ 3 ಕೆಜಿ ಇರಬೇಕಿತ್ತು. ಹೇಳಿದ ಅಳತೆಯ ಲೆಕ್ಕದಲ್ಲಿ ಇದ್ದದ್ದು 90. ಟೇಪು ಹಿಡಿದಾಗ ಅಳತೆಯೂ ಎರಡೂ ಕಡೆ ಅರ್ಧರ್ಧ ಅಡಿ ಕಡಿಮೆ. ಅಂಚು ಮಡಿಚಿ ಬೆಸೆಯುವ ಮೊದಲಿನ ಅಳತೆಯನ್ನೇ ಹೇಳಿ ಮಾರುವ ರೂಢಿ ಇದೆಯಂತೆ.

ದುಡ್ಡಿನ ಲೆಕ್ಕ ಇನ್ನೂ ಕಹಿ. 1.8 ಕೆಜಿಗೆ 400 ಕೊಟ್ಟರೆ ಕಿಲೋಗೆ 222 ಬಿತ್ತು. ಈ ಅಂಗಡಿಯಲ್ಲಿ ಆಗ ಒಳ್ಳೆಯ ಮಾಲಿಗೆ ಕಿಲೋಗೆ 160, ಅಂದರೆ 4 ಕೆಜಿಯ ಹಾಳೆಗೆ 640. ನಮ್ಮ 60,000ದಲ್ಲಿ 93 ಗಟ್ಟಿ ತಾಡಪತ್ರಿ ಬರುತ್ತಿದ್ದವು. ನಾವು 150 ಅನ್ನುವ ಸಂಖ್ಯೆಗೆ ಮರುಳಾದೆವು.

ತೂಕ ಬಿಟ್ಟು ಇನ್ನೂ ನಾಲ್ಕು ಮಾತು ಇವೆ. ಒಳ್ಳೆಯ ತಾಡಪತ್ರಿ ಅಂದರೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಎರಡೂ ಬದಿಗೆ ಪ್ಲಾಸ್ಟಿಕ್ ಲೇಪ ಕೊಟ್ಟದ್ದು. ಅದಕ್ಕೆ ಬಿಸಿಲು ತಡೆಯುವ ಮಿಶ್ರಣ ಸೇರಿಸಿರಬೇಕು. ಇಲ್ಲದಿದ್ದರೆ ನಮ್ಮ ಕಡೆಯ ಒಂದು ಏಪ್ರಿಲ್ ಸಾಕು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಭಾರತೀಯ ಮಾನಕದಲ್ಲಿ ಇದಕ್ಕೆ ಐಎಸ್ 7903 ಎಂಬ ಸಂಖ್ಯೆ ಇದೆ, ಹಾಳೆಯ ಮೇಲೆ ಆ ಗುರುತು ನೋಡಬಹುದು. ಅಂಚಿನ ಮಡಿಕೆಯೊಳಗೆ ಹಗ್ಗ ಹಾಯಿಸಿರಬೇಕು, ಮೂಲೆಗಳಿಗೆ ಇನ್ನೊಂದು ಪದರ ಕೊಟ್ಟಿರಬೇಕು, ಮೂರು ಅಡಿಗೊಂದು ರಿಂಗು ಇರಬೇಕು. ಅಂಗಡಿಯ ಹುಡುಗ ರಿಂಗಿನಲ್ಲಿ ಕೊಕ್ಕೆ ಸಿಕ್ಕಿಸಿ ತಾನೇ ಜೋತುಬಿದ್ದು ತೋರಿಸಿದ.

ಬಣ್ಣದ ಮಾತನ್ನು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ರೆಡ್‌ಕ್ರಾಸ್‌ನವರು ಪರಿಹಾರಕ್ಕೆ ಬಳಸುವ ತಾಡಪತ್ರಿ 4×6 ಮೀಟರಿನದು, ಎರಡೂ ಬದಿ ಬಿಳಿ, ಒಳಗಿನ ನೇಯ್ಗೆಯ ಎಳೆ ಕಪ್ಪು. ಹೊರಗಿನ ಬಿಳಿ ಬಿಸಿಲನ್ನು ತಿರುಗಿಸುತ್ತದೆ, ಒಳಗಿನ ಕಪ್ಪು ಬೆಳಕು ಹಾಯದಂತೆ ತಡೆಯುತ್ತದೆ. ಶೇಟರು ಅಂಥದೇ ಒಂದನ್ನು ಬಿಚ್ಚಿ ಉರಿಯುವ ಬಲ್ಬಿನ ಎದುರು ಹಿಡಿದರು. ಆ ಬದಿಯಲ್ಲಿ ನಿಂತ ಹುಡುಗನ ನೆರಳು ಕಾಣಲಿಲ್ಲ. ಅಕ್ಕ ಹೇಳಲು ನಾಚಿದ ಮಾತನ್ನು ಎಲ್ಲೋ ಯಾರೋ ಮೊದಲೇ ಕೇಳಿಸಿಕೊಂಡು ಹಾಳೆಯೊಳಗೆ ನೇಯ್ದಿದ್ದರು. ನನಗೆ ಅಲ್ಲೇ ಗಂಟಲು ಕಟ್ಟಿತು.

ಅವತ್ತು ನನ್ನ ದುಡ್ಡಿನಲ್ಲಿ ಐದು ಕೊಂಡು ಊರಿಗೆ ಕಳಿಸಿದೆ. ಇನ್ನುಳಿದವರಿಗೆ ಆಮೇಲೆ ಬಳಗದವರು ಸೇರಿ ಕೊಟ್ಟರು, ಎಲ್ಲರಿಗೂ ಕೊಡಲು ಆಗಲಿಲ್ಲ.

ಶೇಟರು ಮಾತು ಕಡಿಮೆ. ಆದರೆ ನೆರೆಯ ಕೆಲಸಕ್ಕೆ ಅಂದರೆ ಮನುಷ್ಯ ಬದಲಾಗುತ್ತಾರೆ. ಎರಡನೇ ಸಲ ಹೋದಾಗ ಕಾರಣ ಗೊತ್ತಾಯಿತು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪುಣೆಯೊಳಗೆ ನುಗ್ಗಿತಲ್ಲ, ಆಗ ಅವರ ತಂದೆ ಇದೇ ಓಣಿಯಲ್ಲಿ ಹಗ್ಗ ಮಾರುತ್ತಿದ್ದರಂತೆ. ನದಿ ಬದಿಯ ಪೇಠೆಗಳಿಂದ ಉಟ್ಟ ಬಟ್ಟೆಯಲ್ಲಿ ಬಂದವರನ್ನು ನೋಡಿದವರು. ಇಂದಿನ ಗೋಖಲೆನಗರದಂಥ ಬಡಾವಣೆ ಬೆಳೆದದ್ದೇ ಆ ನೆರೆಯಲ್ಲಿ ಮನೆ ಕಳೆದುಕೊಂಡವರಿಂದ. ತಂದೆ ಅಂದು ಹಗ್ಗಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ನಾನು ಅಷ್ಟು ಮಾಡಲಾರೆ, ಲಾಭ ಬಿಡುತ್ತೇನೆ ಎಂದರು ಮರಾಠಿಯಲ್ಲಿ. ಬಿಟ್ಟರು ಕೂಡ.

2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಸೊಲ್ಲಾಪುರ ಜಿಲ್ಲೆಯ ಊರುಗಳಿಗೆ ನುಗ್ಗಿದಾಗ ಈ ಅಂಗಡಿಯ ನಿಜವಾದ ಪರೀಕ್ಷೆಯಾಯಿತು. ಹತ್ತರಸಂಗ ಕೂಡಲದಲ್ಲಿ ಭೀಮೆಗೆ ಸೇರುವ ಹೊಳೆ ಅದು. ದಕ್ಷಿಣ ಸೊಲ್ಲಾಪುರದ ಆ ಕಡೆ ಮನೆಮಾತು ಕನ್ನಡ ಆಗಿರುವವರು ಬಹಳ. ಈ ಸಲ ನಾವು ಅವಸರ ಮಾಡಲಿಲ್ಲ. ಮೊದಲು ಫೋನಿನಲ್ಲಿ ಊರಿನವರನ್ನು ಕೇಳಿದೆವು. ತಲಾಠಿ, ಅಂದರೆ ಊರಿನ ಕಂದಾಯ ಗುಮಾಸ್ತರು, ಮಾಡಿದ ಪಂಚನಾಮೆಯ ಪಟ್ಟಿಯಲ್ಲಿ ಮನೆ ಬಿದ್ದವರು ಎಷ್ಟು ಅಂತ ತಿಳಿದುಕೊಂಡೆವು. ಒಂದು ಊರು, 60 ಮನೆ. ಅಷ್ಟಕ್ಕೇ ನಿಂತೆವು, ಹತ್ತು ಊರಿಗೆ ಚೂರು ಚೂರು ಹಂಚಲಿಲ್ಲ.

15×18 ಅಡಿಯದನ್ನೇ ಆರಿಸಿದೆವು. ವಿಪತ್ತಿನ ಪರಿಹಾರಕ್ಕೆ ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಸ್ಫಿಯರ್ ಮಾನದಂಡದಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ನೆರಳಿನ ಜಾಗ ಬೇಕು ಎಂದಿದೆ. ಐದು ಜನಕ್ಕೆ 17.5 ಆಯಿತು. 12×18ರ ಹಾಳೆ ಲೆಕ್ಕಕ್ಕೆ 20 ಇದ್ದರೂ, ನಡುವೆ ಗಳ ಕೊಟ್ಟು ಇಳಿಜಾರು ಕಟ್ಟಿದಾಗ ಕೆಳಗೆ ಸಿಗುವ ನೆಲ ಬಹಳ ಕಡಿಮೆ. 15×18 ಆದರೆ 25 ಚದರ ಮೀಟರ್, ಒಂದು ಬದಿಗೆ ಉಳಿದ ಗೋಡೆಯನ್ನು ಆಸರೆ ಮಾಡಿಕೊಂಡರೆ ಒಲೆಗೂ ಜಾಗ ಸಿಗುತ್ತದೆ. 200 ಜಿಎಸ್ಎಂನಲ್ಲಿ ಒಂದು 5 ಕೆಜಿ, ಕಿಲೋಗೆ 190ರಂತೆ 950 ರೂಪಾಯಿ. ಜೊತೆಗೆ 20 ಮೀಟರ್ ಹಗ್ಗ, 100 ರೂಪಾಯಿ. ಒಂದು ಮನೆಗೆ 1,050.

ಈ ಸಂಖ್ಯೆಯನ್ನೇ ಇಟ್ಟುಕೊಂಡು ಜನರ ಬಳಿ ಹೋದದ್ದು ಬಹಳ ಅನುಕೂಲವಾಯಿತು. “ನೆರೆ ಪರಿಹಾರಕ್ಕೆ ಏನಾದರೂ ಕೊಡಿ” ಅಂದರೆ ಜನ ನೂರು, ಇನ್ನೂರು ತೆಗೆಯುತ್ತಾರೆ. “1,050 ಕೊಟ್ಟರೆ ಒಂದು ಮನೆಯವರು ಒಂದು ವರ್ಷ ನೆನೆಯದೆ ಮಲಗುತ್ತಾರೆ” ಅಂದಾಗ, ಭೋಸರಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವ ಹುಡುಗರು ಇಬ್ಬಿಬ್ಬರು ಸೇರಿ ಒಂದೊಂದು ಮನೆ ಹಿಡಿದರು. ನಮ್ಮ ಓಣಿಯಲ್ಲಿ ಮನೆಗೆಲಸಕ್ಕೆ ಹೋಗುವ, ಕಲಬುರಗಿ ಕಡೆಯ ಒಬ್ಬ ತಾಯಿ ಮೂರು ಕಂತಿನಲ್ಲಿ ಒಂದು ಮನೆ ಪೂರ್ತಿ ಮಾಡಿದರು. ದುಡ್ಡು ನನ್ನ ಕೈಗೆ ಬರಲೇ ಇಲ್ಲ, ಎಲ್ಲರೂ ನೇರ ಅಂಗಡಿಯ ಖಾತೆಗೆ ಹಾಕಿದರು. ಶೇಟರು ಪಕ್ಕಾ ಬಿಲ್ಲು ಕೊಟ್ಟರು, ಅದರ ಫೋಟೋ ಎಲ್ಲರ ಮೊಬೈಲಿಗೆ ಹೋಯಿತು. 60 ಹಾಳೆಗಳನ್ನೂ ಒಂದೊಂದಾಗಿ ತೂಗಿದೆವು. ಎರಡು ಸ್ವಲ್ಪ ಕಡಿಮೆ ಬಂದವು, ಶೇಟರು ತಾವಾಗಿಯೇ ಅವನ್ನು ತೆಗೆದು ಬದಲಿ ಹಾಳೆ ಇಟ್ಟರು. ಮೇಲೆ ಮೂರು ಹಾಳೆ ತಮ್ಮ ಕಡೆಯಿಂದ ಹಾಕಿದರು, ಬಿಲ್ಲಿನಲ್ಲಿ ಬರೆಯಲಿಲ್ಲ. ನಮ್ಮ ಆಫೀಸಿನವರು ಸೊಲ್ಲಾಪುರದ ಲಾರಿಯಲ್ಲಿ ಬಾಡಿಗೆ ಇಲ್ಲದೆ ಒಯ್ದರು.

ಕೊರತೆಗಳನ್ನೂ ಹೇಳಬೇಕು. ಅಂಗಡಿಗೆ ಗಾಡಿ ತರುವ ಹಾಗಿಲ್ಲ, ನಿಲ್ಲಿಸಲು ಜಾಗವೇ ಇಲ್ಲ. ಪಿಂಪ್ರಿ ಕಡೆಯವರು ಪಿಸಿಎಂಸಿ ನಿಲ್ದಾಣದಿಂದ ಮೆಟ್ರೋ ಹಿಡಿದು ಮಂಡಈಯಲ್ಲಿ ಇಳಿದು ನಡೆಯುವುದೇ ಮೇಲು. ಮಾಲನ್ನು ಓಣಿಯ ಬಾಯಿಯವರೆಗೆ ಕೈಗಾಡಿಯಲ್ಲಿ ತರಿಸಬೇಕು, ಅದರ ಕೂಲಿ ಬೇರೆ. ವಾಟ್ಸಾಪಿನಲ್ಲಿ ದರ ಕೇಳಿದರೆ ಉತ್ತರ ಬರುವುದಿಲ್ಲ, ಎದುರಿಗೆ ನಿಂತೇ ಕೇಳಬೇಕು. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಬಿಳಿ-ಕಪ್ಪು ಹಾಳೆ ಯಾವಾಗಲೂ ಇರುವುದಿಲ್ಲ, 60 ಬೇಕಾದರೆ ನಾಲ್ಕು ದಿನ ಮೊದಲೇ ಹೇಳಬೇಕು. ನೆರೆಯ ಹೊತ್ತಿನಲ್ಲಿ ನಾಲ್ಕು ದಿನ ಬಹಳ ಉದ್ದ. ಹೊಸಬರು ಬಂದು ಒಂದೇ ಹಾಳೆ ಕೇಳಿದರೆ ಶೇಟರು ತೀರ ಚುಟುಕಾಗಿ ಮಾತಾಡುತ್ತಾರೆ. ನೊಂದುಕೊಳ್ಳಬೇಡಿ. ನೆರೆಯವರಿಗೆ ಅಂತ ಮೊದಲೇ ಹೇಳಿಬಿಡಿ.

ಬುಕಿಂಗ್ ಮೇಜಿನಲ್ಲಿ ಕೂತು ನೋಡಿದ ಇನ್ನೊಂದು ಸಂಗತಿ ಇಲ್ಲಿ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಪ್ರತಿ ನೆರೆಯಲ್ಲೂ “ಸಂತ್ರಸ್ತರಿಗೆ” ಅಂತ ಬರೆದ ಗಂಟುಗಳು ನಮ್ಮಲ್ಲಿಗೆ ಬರುತ್ತವೆ. ಬಿಚ್ಚಿ ನೋಡಿದವನು ನಾನು. ಗುಂಡಿ ಇಲ್ಲದ ಅಂಗಿ, ಒಂದೇ ಕಾಲಿನ ಬೂಟು, ಜರಿ ಸುಟ್ಟ ರೇಷ್ಮೆ ಸೀರೆ, ತೊಳೆಯದ ಹಾಸಿಗೆ ಹೊದಿಕೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಇಂಥ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿ ಬಿದ್ದಿದ್ದವು. ಗೂಂಜ್ ಸಂಸ್ಥೆಯವರು ಅವನ್ನು ಆರಿಸಿ, ಬೇರ್ಪಡಿಸಿ, ಬಳಕೆಗೆ ಬರುವಂತೆ ಮಾಡುವ ದೊಡ್ಡ ಕೆಲಸ ಕೈಗೆತ್ತಿಕೊಳ್ಳಬೇಕಾಯಿತು. ನಮ್ಮೂರ ಶಾಲೆಯ ವರಾಂಡದಲ್ಲೂ 2019ರಲ್ಲಿ ಅಂಥ ರಾಶಿ ಇತ್ತು, ಮೇಲೆ ನಾಯಿ ಮಲಗಿತ್ತು. ಬಟ್ಟೆ ಕೊಡಲೇಬೇಕು ಅಂತಿದ್ದರೆ ತೊಳೆದು, ಇಸ್ತ್ರಿ ಮಾಡಿ, ಹೆಣ್ಣುಮಕ್ಕಳದ್ದು, ಗಂಡಸರದ್ದು, ಮಕ್ಕಳದ್ದು ಬೇರೆ ಬೇರೆ ಕಟ್ಟಿ, ವರ್ಷವಿಡೀ ಈ ಕೆಲಸ ಮಾಡುವವರಿಗೆ ಕೊಡಿ. ನೆರೆ ಬಂದ ವಾರ ಲಾರಿಯಲ್ಲಿ ಜಾಗ ಹಿಡಿಯಬೇಡಿ. ಆ ಜಾಗದಲ್ಲಿ ಎಷ್ಟೋ ತಾಡಪತ್ರಿ ಹೋಗುತ್ತವೆ.

ಇಷ್ಟೆಲ್ಲ ಓಡಾಡಲು ಆಗದವರು ಮುಖ್ಯಮಂತ್ರಿ ಪರಿಹಾರ ನಿಧಿಗೆ ಹಾಕಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದಕ್ಕೆ ಆದಾಯ ತೆರಿಗೆಯಲ್ಲಿ ನೂರಕ್ಕೆ ನೂರು ವಿನಾಯಿತಿ ಸಿಗುತ್ತದೆ, 2,000 ದಾಟಿದರೆ ಮಾತ್ರ ನಗದು ಕೊಡಬಾರದು. ತಾಡಪತ್ರಿಯಂತೆ ವಸ್ತುವಾಗಿ ಕೊಟ್ಟದ್ದಕ್ಕೆ ವಿನಾಯಿತಿ ಇಲ್ಲ. ನಮ್ಮ ಬಳಗದಲ್ಲಿ ಇದನ್ನು ಕೇಳಿ ಹಿಂದೆ ಸರಿದವರು ಯಾರೂ ಇಲ್ಲ.

ಕೊಳ್ಳುವುದಾದರೆ ಏಪ್ರಿಲ್, ಮೇನಲ್ಲೇ ಕೊಳ್ಳಿ. ಜೂನಿನಲ್ಲಿ ಮಳೆ ಹಿಡಿದರೆ ದರ ಏರುತ್ತದೆ, ಒಳ್ಳೆಯ ಮಾಲು ಮೊದಲು ಖಾಲಿಯಾಗುತ್ತದೆ. ಈ ವರ್ಷ ನಾವು 20 ಹಾಳೆ ಮೊದಲೇ ಕೊಂಡು ನಮ್ಮ ಆಫೀಸಿನ ಅಟ್ಟದ ಮೇಲೆ ಇಟ್ಟಿದ್ದೇವೆ, ಇಲಿ ಕಡಿಯದಂತೆ ಡ್ರಮ್ಮಿನಲ್ಲಿ. ಇನ್ನೂ 30 ಕೂಡಿಸಬೇಕು. ಮಳೆ ಯಾವ ಊರಿಗೆ ಹೊಡೆಯುತ್ತದೋ ಗೊತ್ತಿಲ್ಲ, ಹೊಡೆದ ಮರುದಿನವೇ ಲಾರಿ ಹೊರಡಬೇಕು.

ಅಕ್ಕನಿಗೆ ಈಗ ಸಿಮೆಂಟಿನ ಮನೆ ಇದೆ. ನಾನು ಆಮೇಲೆ ಕಳಿಸಿದ ಬಿಳಿ ತಾಡಪತ್ರಿ ಇನ್ನೂ ಹಾಳಾಗಿಲ್ಲ, ಸುಗ್ಗಿಯಲ್ಲಿ ಜೋಳದ ರಾಶಿಗೆ ಹೊದಿಸುತ್ತಾಳೆ. ಒಂದು ಮೂಲೆಯ ರಿಂಗು ಕಿತ್ತಿದೆ, ಅಲ್ಲಿ ಕಲ್ಲು ಸುತ್ತಿ ಗಂಟು ಹಾಕಿದ್ದಾಳೆ. ಸೀನಾ ಕಡೆಗೆ ಲಾರಿ ಹೊರಟ ರಾತ್ರಿ ಅವಳಿಗೆ ಫೋನು ಮಾಡಿ ಹೇಳಿದೆ, 63 ಹಾಳೆ ಹೋದವು, ಎಲ್ಲ ದಪ್ಪದವು, ಬೆಳಕಿಗೆ ಹಿಡಿದು ನೋಡಿದ್ದೇನೆ ಅಂತ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಹಗ್ಗ ಹಾಕೀಯಿಲ್ಲೋ ತಮ್ಮಾ?”

“ಹಾಕೇನಿ ಅಕ್ಕಾ. ಒಂದೊಂದಕ್ಕ ಇಪ್ಪತ್ತು ಮೀಟರ್.”